ಬೆಳಕು ನೇಯ್ದ ಬಟ್ಟೆ, ಹಳದಿಯಾದ ಹಸುಳೆ



ತಿಂಗಳು ತಿಂಗಳೂ ಈ ಪುಟದಲ್ಲಿ ಖುತ್ಬಾದ ಸಾರಾಂಶ ಬರೆಯುತ್ತೇವೆ. ಈ ಸಲ ಖುತ್ಬಾ ಮುಗಿದ ಮೇಲೆ ನಡೆದ ಮಾತುಕತೆಯನ್ನೇ ಬರೆಯಬೇಕಾಗಿದೆ. ತಂದೆತಾಯಿಯರ ಮೇಲೆ ಮಕ್ಕಳಿಗಿರುವ ಹಕ್ಕುಗಳ ಬಗ್ಗೆ ಅಂದು ಮಾತಾಡಿದ್ದೆವು. ನಮಾಝ್ ಮುಗಿದು ಜನ ಚದುರಿದ ಮೇಲೆ, ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಿರುವ ನಮ್ಮ ಮತ್ತಿಘಟ್ಟದ ಹುಡುಗನೊಬ್ಬ ಹತ್ತಿರ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಎಳೆಗೂಸಿಗೆ ಸುತ್ತುವಂಥ ಬಟ್ಟೆ. ಒಳಮೈಯೆಲ್ಲ ನೀಲಿಯಾಗಿ ಬೆಳಗುತ್ತಿತ್ತು. "ಹಜ್ರತ್, ಇದು ಕಾಮಾಲೆಗೆ ಔಷಧಿ. ಗುಳಿಗೆ ಅಲ್ಲ, ಇಂಜೆಕ್ಷನ್ ಅಲ್ಲ, ಬರೀ ಬೆಳಕು" ಎಂದ.

ಪಕ್ಕದಲ್ಲಿದ್ದ ಹಿರಿಯರೊಬ್ಬರು ನಕ್ಕರು. ನಮಗೆ ನಗು ಬರಲಿಲ್ಲ, ಅದಕ್ಕೆ ಕಾರಣವಿದೆ.

ಸುಮಾರು ಹನ್ನೆರಡು ವರ್ಷದ ಹಿಂದೆ, ಇಮಾಮತ್ತಿಗೆ ಸೇರಿ ಹೆಚ್ಚು ದಿನ ಆಗಿರಲಿಲ್ಲ, ಜಡಿಮಳೆಯ ಒಂದು ಸಂಜೆ ಅಜ್ಜಿಯೊಬ್ಬರು ಬಾಟಲಿಯಲ್ಲಿ ನೀರು ಹಿಡಿದು ಬಂದರು. ಮಗಳು ಹೆತ್ತು ಐದು ದಿನ, ಕೂಸು ಹಳದಿಯಾಗಿದೆ, ದಮ್ ಮಾಡಿ ಕೊಡಿ ಎಂದರು. ಓದಿ ಊದಿ ಕೊಟ್ಟೆವು. ಕೂಸು ಹೇಗಿದೆ ಎಂದು ಕೇಳಿದೆವು. "ಅಳುವುದೇ ಇಲ್ಲ ಹಜ್ರತ್, ನಿದ್ದೆಯೇ ನಿದ್ದೆ, ಹಾಲಿಗೂ ಏಳುವುದಿಲ್ಲ" ಎಂದರು. ಹಟ ಮಾಡದ ಮಗು ಎಂದು ನಾವು ಸಂತೋಷಪಟ್ಟೆವು. ಹಾಲಿಗೂ ಏಳದ ನಿದ್ದೆಯೇ ಅಪಾಯದ ಗುರುತು ಎಂಬುದು ನಮಗೆ ಆಗ ತಿಳಿದಿರಲಿಲ್ಲ. ಮೂರು ದಿನ ಕಳೆದು ಕೂಸು ಕೀರಲು ದನಿಯಲ್ಲಿ ಅಳುತ್ತಾ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸತೊಡಗಿದಾಗ ಆಸ್ಪತ್ರೆಗೆ ಒಯ್ದರು. ರಕ್ತ ಬದಲಾಯಿಸಿ ಉಳಿಸಿಕೊಂಡರು. ಹುಡುಗ ಈಗ ಶಾಲೆಗೆ ಹೋಗುತ್ತಾನೆ, ಆದರೆ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಹುಟ್ಟಿದ ದಿನ ಅವನ ಕಿವಿಯಲ್ಲಿ ಅಝಾನ್ ಹೇಳಿದವರು ನಾವೇ. ಅವನ ತಂದೆ ತಕ್ದೀರ್ ಎನ್ನುತ್ತಾರೆ. ನಮ್ಮ ಪಾಲಿನದು ಏನೆಂದು ನಮಗೆ ಗೊತ್ತು. ಆದ್ದರಿಂದ ಈ ಬೆಳಕಿನ ವಿಷಯವನ್ನು ಆ ಹುಡುಗನಿಂದಲೂ ಪರಿಚಿತ ವೈದ್ಯರಿಂದಲೂ ಕೇಳಿ, ಓದಿ, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕಾಮಾಲೆಯ ವಿಷಯ. ಹೊಟ್ಟೆಯಲ್ಲಿರುವಾಗ ಮಗುವಿನ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚು. ಹುಟ್ಟಿದ ಮೇಲೆ ಅಷ್ಟು ಬೇಕಾಗುವುದಿಲ್ಲ, ಹಾಗೂ ಆ ಕಣಗಳ ಆಯಸ್ಸೂ ದೊಡ್ಡವರ ಕಣಗಳಿಗಿಂತ ಕಡಿಮೆ. ಅವು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಇದು ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ನಮ್ಮ ನಿಮ್ಮ ಯಕೃತ್ತು ಅದನ್ನು ನೀರಿನಲ್ಲಿ ಕರಗುವ ಹಾಗೆ ಮಾರ್ಪಡಿಸಿ ಪಿತ್ತದ ಮೂಲಕ ಹೊರಹಾಕುತ್ತದೆ. ಹಸುಳೆಯ ಯಕೃತ್ತಿಗೆ ಆ ಕೆಲಸ ಇನ್ನೂ ಕೈಗೆ ಹತ್ತಿರುವುದಿಲ್ಲ. ಹಾಗಾಗಿ ತಿಂಗಳು ತುಂಬಿ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 60, ತಿಂಗಳು ತುಂಬದೆ ಹುಟ್ಟಿದವರಲ್ಲಿ ಸುಮಾರು 80 ಮಕ್ಕಳು ಮೊದಲ ವಾರದಲ್ಲಿ ಹಳದಿಯಾಗುತ್ತಾರೆ. ಬಹಳಷ್ಟು ಮಕ್ಕಳಲ್ಲಿ ಎರಡು ವಾರದೊಳಗೆ ಅದು ತಾನಾಗಿಯೇ ಇಳಿಯುತ್ತದೆ. ನಮ್ಮ ದಾರದ, ತಾವೀಜಿನ, ಊದಿದ ನೀರಿನ ಕೀರ್ತಿಯೆಲ್ಲ ಈ ತಾನಾಗಿ ಇಳಿಯುವ ಮಕ್ಕಳಿಂದ ಬಂದದ್ದು ಎಂದು ಹೇಳಿದರೆ ಯಾರೂ ಬೇಸರಿಸಬಾರದು.

ಕೆಲವು ಮಕ್ಕಳಲ್ಲಿ ಅದು ಇಳಿಯುವುದಿಲ್ಲ, ಏರುತ್ತದೆ. ಒಂದು ಮಿತಿ ದಾಟಿದರೆ ಬಿಲಿರುಬಿನ್ ಮೆದುಳಿಗೆ ಇಳಿದು ಕಿವಿಯ ನರವನ್ನೂ, ಕೈಕಾಲಿನ ಚಲನೆಯನ್ನು ಹಿಡಿತದಲ್ಲಿಡುವ ಭಾಗವನ್ನೂ ಕೆಡಿಸುತ್ತದೆ. ಆದ ಹಾನಿ ಮತ್ತೆ ಸರಿಯಾಗುವುದಿಲ್ಲ. ಆ ಮಿತಿ ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಮಗುವಿನ ವಯಸ್ಸನ್ನು ಗಂಟೆಯಲ್ಲಿ ಎಣಿಸಿ, ಎಷ್ಟು ವಾರಕ್ಕೆ ಹುಟ್ಟಿತು ಎಂದು ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಅದಕ್ಕೆ ರಕ್ತ ಪರೀಕ್ಷೆಯೇ ಬೇಕು, ಕಣ್ಣಂದಾಜು ಸಾಲದು.

ಕಣ್ಣಂದಾಜು ಎಂದಾಗ ನಮ್ಮ ಬಾಣಂತಿ ಕೋಣೆ ನೆನಪಾಗುತ್ತದೆ. ಸಹಜ ಹೆರಿಗೆಯಾದರೆ ಎರಡು ದಿನಕ್ಕೆ ಮನೆಗೆ ಕಳಿಸುತ್ತಾರೆ. ಕಾಮಾಲೆ ಹೆಚ್ಚಾಗುವುದು ಮೂರರಿಂದ ಐದನೆಯ ದಿನದಲ್ಲಿ, ಅಂದರೆ ಮನೆಗೆ ಬಂದ ಮೇಲೆ. ಮನೆಯಲ್ಲಿ ಗಾಳಿ ತಾಗಬಾರದು, ದೃಷ್ಟಿ ತಾಗಬಾರದು ಎಂದು ಕಿಟಕಿ ಮುಚ್ಚಿ, ಪರದೆ ಎಳೆದು, ನಲವತ್ತು ದಿನದ ಚಿಲ್ಲಾ. ಕರೆಂಟು ಇದ್ದರೆ ಒಂದು ಹಳದಿ ಬಲ್ಬು. ಹಳದಿ ಬಲ್ಬಿನ ಕೆಳಗೆ ಯಾವ ಮಗು ಹಳದಿ, ಯಾವುದು ಅಲ್ಲ? ಬಾಣಂತಿಗೆ ವಿಶ್ರಾಂತಿ ಬೇಕು, ಅದನ್ನು ನಾವು ಬೇಡ ಎನ್ನುವುದಿಲ್ಲ. ಆದರೆ ದಿನಕ್ಕೊಮ್ಮೆ ಮಗುವನ್ನು ಹಗಲು ಬೆಳಕಿಗೆ ತಂದು, ಹಣೆ, ಎದೆ, ಅಂಗಾಲಿನ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡಬೇಕು. ಹಳದಿ ಮುಖದಿಂದ ಕೆಳಕ್ಕೆ ಇಳಿಯುತ್ತದೆ. ಅಂಗೈ ಅಂಗಾಲಿಗೆ ಬಂತೆಂದರೆ ಅದೇ ದಿನ ಆಸ್ಪತ್ರೆಗೆ ಹೊರಡಬೇಕು. ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ ಮುಖದಲ್ಲಿ ಮಾತ್ರ ಇದ್ದರೂ ತಡ ಮಾಡಬಾರದು.

ಇನ್ನು ಬೆಳಕಿನ ಮಾತು. ಇದನ್ನು ಮೊದಲು ಕಂಡವರು ದೊಡ್ಡ ಪ್ರೊಫೆಸರರಲ್ಲ, ಒಬ್ಬ ನರ್ಸ್. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಜನರಲ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬವರು ತಿಂಗಳು ತುಂಬದ ಮಕ್ಕಳನ್ನು ಬಿಸಿಲಿರುವ ದಿನ ಅಂಗಳಕ್ಕೆ ಒಯ್ಯುತ್ತಿದ್ದರು. 1956ರಲ್ಲಿ ಒಂದು ದಿನ ಅವರು ವೈದ್ಯರಿಗೆ ಒಂದು ಮಗುವನ್ನು ತೋರಿಸಿದರು. ಮೈಯೆಲ್ಲ ತಿಳಿಯಾಗಿತ್ತು, ಒಂದು ಕಡೆ ಮಾತ್ರ ಮುಕ್ಕೋನಾಕಾರದ ಹಳದಿ ಗುರುತು. ಹೊದಿಕೆಯ ಮೂಲೆ ಮುಚ್ಚಿದ್ದ ಜಾಗ ಅದು. ಅದೇ ಆಸ್ಪತ್ರೆಯಲ್ಲಿ ಕಿಟಕಿಯ ಬಳಿ ಬಿಸಿಲಿಗೆ ಮರೆತು ಬಿಟ್ಟ ರಕ್ತದ ಕೊಳವೆಯಲ್ಲಿ ಬಿಲಿರುಬಿನ್ ತೀರ ಕಡಿಮೆ ಬಂದದ್ದೂ ಕಣ್ಣಿಗೆ ಬಿತ್ತು. ಡಾ. ಕ್ರೀಮರ್ ಮತ್ತು ಜೊತೆಗಾರರು ದೀಪಗಳನ್ನು ಕಟ್ಟಿ ಪ್ರಯೋಗ ಮಾಡಿ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂದು ಬೆಳಕಿಗೆ ಅಡ್ಡ ಬಂದದ್ದು ಬಟ್ಟೆ. ಇಂದು ಬೆಳಕು ಕೊಡುತ್ತಿರುವುದೂ ಬಟ್ಟೆ.

ಬೆಳಕು ಮಾಡುವುದೇನು? ಚರ್ಮದ ಮೂಲಕ ಒಳಹೊಕ್ಕ ನೀಲಿ ಬೆಳಕು ಬಿಲಿರುಬಿನ್ ಅಣುವಿನ ಆಕಾರವನ್ನೇ ತಿರುಚುತ್ತದೆ. ಆಕಾರ ಬದಲಾದ ಅಣು ನೀರಿನಲ್ಲಿ ಕರಗುತ್ತದೆ. ಯಕೃತ್ತಿನ ಮಾರ್ಪಾಡಿಗೆ ಕಾಯದೆ ಪಿತ್ತದಲ್ಲೂ ಮೂತ್ರದಲ್ಲೂ ಹೊರಟುಹೋಗುತ್ತದೆ. ಬೇಕಾದದ್ದು 460ರಿಂದ 490 ನ್ಯಾನೋಮೀಟರ್ ಅಲೆಯುದ್ದದ ನೀಲಿ. ಇದು ಕಣ್ಣಿಗೆ ಕಾಣುವ ಬೆಳಕೇ, ಚರ್ಮ ಸುಡುವ ಅತಿನೇರಳೆ ಕಿರಣವಲ್ಲ. ಆಸ್ಪತ್ರೆಯಲ್ಲಿ ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ, ಬರಿಮೈಯಲ್ಲಿ ಮಲಗಿಸಿ, ಮೇಲಿನಿಂದ ನೀಲಿ ದೀಪ ಹಾಕುವುದನ್ನು ಹಲವರು ನೋಡಿರಬಹುದು. ಅದು ಈ ಚಿಕಿತ್ಸೆಯೇ.

"ಹಾಗಾದರೆ ಎಳೆ ಬಿಸಿಲಿಗೆ ಹಿಡಿದರೆ ಸಾಲದೇ?" ಎಂದು ಕೇಳುವವರಿದ್ದಾರೆ. ಬಿಸಿಲಿನಲ್ಲಿ ನೀಲಿ ಇದೆ, ಜೊತೆಗೆ ಸುಡುವುದೂ ಇದೆ, ಮೈ ಕಾಯಿಸುವುದೂ ಇದೆ. ನೈಜೀರಿಯಾದಲ್ಲಿ ವೈದ್ಯರು ಸುಡುವ ಕಿರಣಗಳನ್ನು ತಡೆಯುವ ಹಾಳೆಯ ಚಪ್ಪರ ಕಟ್ಟಿ, ಅದರ ಕೆಳಗೆ ಮಕ್ಕಳನ್ನು ಗಂಟೆಗಟ್ಟಲೆ ಮಲಗಿಸಿ, ದೀಪದಷ್ಟೇ ಗುಣ ಕಂಡದ್ದನ್ನು 2015ರಲ್ಲಿ ಪ್ರಕಟಿಸಿದರು. ಅದು ಅಳತೆಯ ಬಿಸಿಲು, ಪಕ್ಕದಲ್ಲಿ ನರ್ಸ್, ಮೇಲಿಂದ ಮೇಲೆ ರಕ್ತ ಪರೀಕ್ಷೆ. ನಮ್ಮ ಜಗಲಿಯ ಹತ್ತು ನಿಮಿಷದ ಬಿಸಿಲಿಗೂ ಅದಕ್ಕೂ ಹೋಲಿಕೆ ಇಲ್ಲ. ಅಲ್ಲದೆ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಘಟ್ಟದ ಮೇಲೆ ಬಿಸಿಲು ಎಲ್ಲಿಂದ ತರುವುದು? ಅಡಿಕೆಗೆ ಕೊಳೆ ರೋಗ ಬರುವ ಕಾಲದಲ್ಲಿ ಹುಟ್ಟಿದ ಮಗುವಿಗೆ ಸೂರ್ಯನನ್ನು ನಂಬಿ ಕೂರಲಾಗದು.

ಬಟ್ಟೆಯ ವಿಷಯಕ್ಕೆ ಬರೋಣ. ಬೆಳಕು ನೇರ ಹೋಗುತ್ತದೆ ಎಂಬುದನ್ನು ಪ್ರಯೋಗ ಮಾಡಿ ತೋರಿಸಿ ಕಿತಾಬುಲ್ ಮನಾಝಿರ್ ಬರೆದ ಬಸ್ರಾದ ಇಬ್ನುಲ್ ಹೈಸಮ್ ಅವರ ಹೆಸರು ನಮ್ಮ ಮದ್ರಸಾದ ಮಕ್ಕಳಿಗೂ ಗೊತ್ತು. ನೇರ ಹೋಗುವ ಬೆಳಕನ್ನು ಬಳುಕುವ ಎಳೆಯಲ್ಲಿ ಹಾಯಿಸಬಹುದು ಎಂದು 1954ರಲ್ಲಿ ಲಂಡನ್ನಿನಲ್ಲಿ ಹಾಪ್ಕಿನ್ಸ್ ಜೊತೆ ಸೇರಿ ತೋರಿಸಿದವರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಎಳೆಯ ಒಳಗೋಡೆಗೆ ತಾಗಿ ತಾಗಿ ಪುಟಿಯುತ್ತಾ ಬೆಳಕು ಮುಂದೆ ಸಾಗುತ್ತದೆ, ಹೊರಗೆ ಸೋರುವುದಿಲ್ಲ. ಮನೆಗೆ ಇಂಟರ್‌ನೆಟ್ ತರುವ ಫೈಬರ್ ಕೇಬಲ್ಲಿನ ಗುಟ್ಟು ಇದೇ.

ತೋಟದವರಿಗೆ ಇದನ್ನು ಹೇಳುವುದು ಸುಲಭ. ಅಬ್ಬಿಯ ನೀರನ್ನು ಅಡಿಕೆ ದಬ್ಬೆಯಲ್ಲಿ ಮನೆಯ ತನಕ ತರುತ್ತೇವಲ್ಲ, ದಬ್ಬೆ ನೆಟ್ಟಗಿದ್ದರೆ ನೀರು ಕೊನೆಯವರೆಗೆ ಬರುತ್ತದೆ. ನಡುವೆ ಎಲ್ಲಾದರೂ ತಟ್ಟನೆ ತಿರುವು ಕೊಟ್ಟರೆ ಅಲ್ಲಿ ನೀರು ಅಂಚು ದಾಟಿ ಚೆಲ್ಲುತ್ತದೆ. ಬೆಳಕಿನ ಎಳೆಯೂ ಹಾಗೇ. ಒಂದು ಮಿತಿಗಿಂತ ಹೆಚ್ಚು ಬಾಗಿದರೆ ಬೆಳಕು ಅಲ್ಲಿ ಹೊರಚೆಲ್ಲುತ್ತದೆ. ಕೇಬಲ್ಲಿನವರಿಗೆ ಅದು ನಷ್ಟ. ನೇಕಾರರು ಅದನ್ನೇ ಲಾಭ ಮಾಡಿಕೊಂಡರು. ಮಾಮೂಲಿ ನೂಲಿನ ನಡುವೆ ಪ್ಲಾಸ್ಟಿಕ್ಕಿನ ಬೆಳಕಿನ ಎಳೆಯನ್ನು ಸೇರಿಸಿ ನೇಯ್ದರೆ, ನೂಲನ್ನು ಹಾಯ್ದು ಮೇಲೆ ಕೆಳಗೆ ಹೋಗುವಾಗ ಆ ಎಳೆ ಪ್ರತಿ ಸಲವೂ ಬಾಗುತ್ತದೆ, ಬಾಗಿದಲ್ಲೆಲ್ಲ ಒಂದಿಷ್ಟು ಬೆಳಕು ಹೊರಬರುತ್ತದೆ. ಹಾಗೆ ಸಾವಿರಾರು ಬಾಗು ಸೇರಿ ಬಟ್ಟೆ ಪೂರ್ತಿ ಬೆಳಗುತ್ತದೆ. ದೀಪ, ಅಂದರೆ ನೀಲಿ ಎಲ್‌ಇಡಿ, ದೂರದ ಪೆಟ್ಟಿಗೆಯಲ್ಲಿ ಇರುತ್ತದೆ. ವಿದ್ಯುತ್ತೂ ಶಾಖವೂ ಅಲ್ಲೇ ಉಳಿಯುತ್ತವೆ, ಕೂಸಿನ ಮೈಗೆ ತಾಗುವುದು ಬೆಳಕು ಮಾತ್ರ. ಆ ನೀಲಿ ಎಲ್‌ಇಡಿಯೂ ಸುಮ್ಮನೆ ಬಂದದ್ದಲ್ಲ. ಅದನ್ನು ಸಾಧಿಸಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಿಗೆ 2014ರ ನೊಬೆಲ್ ಸಿಕ್ಕಿತು.

ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಊರಿನ ಎಂಪಾ ಸಂಸ್ಥೆಯವರು 2017ರಲ್ಲಿ ಇಂಥ ಬಟ್ಟೆಯನ್ನು ಸ್ಯಾಟಿನ್ ನೇಯ್ಗೆಯಲ್ಲಿ ಮಾಡಿ ತೋರಿಸಿದರು. ಸ್ಯಾಟಿನ್ ಯಾಕೆಂದರೆ ಅದರಲ್ಲಿ ಎಳೆ ಬಹುದೂರ ಮೇಲ್ಮೈಯಲ್ಲೇ ಹರಿಯುತ್ತದೆ, ಎಳೆಗೂಸಿನ ಚರ್ಮಕ್ಕೂ ನಯ. ಎಳೆಯ ದಪ್ಪ ಒಂದು ಮಿಲಿಮೀಟರಿನ ಆರನೆಯ ಒಂದು ಪಾಲು. ಬೆಳಕು ಒಳಮುಖವಾಗಿ ಬೀಳುವುದರಿಂದ ಮಗುವಿನ ಕಣ್ಣು ಕುಕ್ಕುವುದಿಲ್ಲ, ಬ್ಯಾಟರಿಯಿಂದ ನಡೆಯುತ್ತದೆ, ಒಗೆಯಲೂ ಬಹುದು. ಅವರ ಮನಸ್ಸಿನಲ್ಲಿದ್ದದ್ದು ಮಗುವಿಗೆ ತೊಡಿಸುವ ಅಂಗಿ ಅಥವಾ ಮಲಗಿಸುವ ಚೀಲ.

ಫ್ರಾನ್ಸಿನ ಲಿಯಾನ್ ಊರಿನ ಕಥೆ ನಮಗೆ ಇನ್ನೂ ಹಿಡಿಸಿತು. ಅದು ರೇಷ್ಮೆ ನೇಕಾರರ ಊರು, ಜಕಾರ್ಡ್ ಮಗ್ಗ ಹುಟ್ಟಿದ್ದು ಅಲ್ಲೇ. ಅಲ್ಲಿನ ಬ್ರೋಶಿಯೆ ಎಂಬ ಹಳೆಯ ರೇಷ್ಮೆ ಮನೆತನದವರು ಅದೇ ಜಕಾರ್ಡ್ ವಿದ್ಯೆಯಿಂದ ಬೆಳಕಿನ ಬಟ್ಟೆ ನೇಯ್ದರು. ಅದರಿಂದ ಹುಟ್ಟಿದ ನಿಯೋಮೆಡ್‌ಲೈಟ್ ಕಂಪನಿ ಕೂಸನ್ನು ಒಳಗಿಟ್ಟು ಎತ್ತಿಕೊಳ್ಳಬಹುದಾದ ಬೆಳಕಿನ ಚೀಲ ಮಾಡಿ ಬಿಲಿಕಕೂನ್ ಎಂದು ಹೆಸರಿಟ್ಟಿತು. ಕಕೂನ್ ಎಂದರೆ ರೇಷ್ಮೆ ಗೂಡು. ಟಿಪ್ಪು ಸುಲ್ತಾನರ ಕಾಲದಿಂದ ರೇಷ್ಮೆಯ ನಂಟಿರುವ ನಾಡು ನಮ್ಮದು. ರಾಮನಗರ, ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ಹೋದರೆ ನೂಲು ಬಿಚ್ಚಾಣಿಕೆಯವರಲ್ಲಿ ನಮ್ಮ ಸಮುದಾಯದವರೇ ಬಹಳ ಜನ ಸಿಗುತ್ತಾರೆ. ಆ ಮನೆಗಳ ಮಕ್ಕಳು ಇಂಜಿನಿಯರಿಂಗ್ ಓದುತ್ತಿದ್ದಾರೆ. ಇಂಥದ್ದು ಅವರ ಕೈಯಿಂದ ಯಾಕೆ ಬರಬಾರದು ಎಂದು ಮನಸ್ಸಿಗೆ ಬಂದರೆ ಅತಿಯಾಸೆ ಅಲ್ಲವಷ್ಟೆ.

ಕೊರಿಯಾದ ಕೈಸ್ಟ್ ಸಂಸ್ಥೆಯವರು 2022ರಲ್ಲಿ ಇನ್ನೊಂದು ದಾರಿ ತೋರಿಸಿದರು. ಬೆಳಕನ್ನು ಹೊರಗಿನಿಂದ ತರದೆ, ಒಎಲ್‌ಇಡಿ ಎಂಬ ತೆಳು ಪದರವನ್ನು ಬಟ್ಟೆಯ ಮೇಲೆಯೇ ಕೂರಿಸಿ ಬಟ್ಟೆಯನ್ನೇ ದೀಪ ಮಾಡಿದರು. ನಾಲ್ಕು ವೋಲ್ಟಿಗಿಂತ ಕಡಿಮೆ ವಿದ್ಯುತ್ತಿನಲ್ಲಿ, 35 ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಅದು ಬೆಳಗುತ್ತದೆ. ಇದು ಇನ್ನೂ ಪ್ರಯೋಗಶಾಲೆಯ ಮಾತು.

ಇದರಿಂದ ತಾಯಿಗೆ ಏನು ಸಿಗುತ್ತದೆ? ಕೂಸು ಮಡಿಲಲ್ಲಿ ಉಳಿಯುತ್ತದೆ. ದೀಪದ ಕೆಳಗೆ ಮಲಗಿದ ಮಗುವನ್ನು ಹಾಲಿಗೆ ಎತ್ತಿಕೊಂಡ ಹೊತ್ತು ಚಿಕಿತ್ಸೆ ನಿಂತ ಹಾಗೆ. ಬೆಳಕಿನ ಬಟ್ಟೆ ಸುತ್ತಿದ್ದರೆ ಹಾಲೂ ನಡೆಯುತ್ತದೆ, ಬೆಳಕೂ ನಡೆಯುತ್ತದೆ. ಈ ರೋಗದಲ್ಲಿ ಹಾಲು ಬಹಳ ಮುಖ್ಯ. ಹೊಟ್ಟೆ ತುಂಬಿ ಮಲ ಮೂತ್ರ ಸರಿಯಾಗಿ ಹೋದರೆ ಮಾತ್ರ ಬಿಲಿರುಬಿನ್ ಹೊರಹೋಗುತ್ತದೆ. ಹಳದಿಯಾಗಿದೆ ಎಂದು ಮೊಲೆಹಾಲು ನಿಲ್ಲಿಸಿ ಗ್ಲೂಕೋಸ್ ನೀರು, ಜೇನು ಕುಡಿಸುವವರಿದ್ದಾರೆ. ಅದು ತಪ್ಪು.

ಚಿತ್ರ ನೋಡಿ ಮರುಳಾಗುವುದೂ ಬೇಡ. ಬೆಳಕಿನ ಎಳೆಯ ಚಾಪೆಗಳು ಹೊರದೇಶದ ಆಸ್ಪತ್ರೆಗಳಲ್ಲಿ ದಶಕಗಳಿಂದ ಇವೆ. ಅವುಗಳ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರು ಹೇಳಿದ್ದು ಇಷ್ಟು: ತಿಂಗಳು ತುಂಬಿದ ಮಗುವಿಗೆ ಅವು ಮೇಲಿನ ದೀಪದಷ್ಟು ಪರಿಣಾಮಕಾರಿ ಅಲ್ಲ, ತಿಂಗಳು ತುಂಬದ ಪುಟ್ಟ ಮಕ್ಕಳಲ್ಲಿ ಹೆಚ್ಚುಕಡಿಮೆ ಸಮ. ಗುಣ ಕಾಣಬೇಕಾದರೆ ಬೆಳಕು ಗಾಢವಾಗಿರಬೇಕು, ಮೈಯ ಬಹುಭಾಗಕ್ಕೆ ಬೀಳಬೇಕು. ಹಳೆಯ ಚಾಪೆ ಬೆನ್ನಿಗೆ ಮಾತ್ರ ಬೆಳಕು ಕೊಡುತ್ತಿತ್ತು. ಸುತ್ತಿಕೊಳ್ಳುವ ಬಟ್ಟೆಯ ಪ್ರಯತ್ನ ಆ ಕೊರತೆ ತುಂಬುವುದಕ್ಕಾಗಿ. ತೀರ ಏರಿದ ಕಾಮಾಲೆಗೆ ಇಂದಿಗೂ ಆಸ್ಪತ್ರೆಯ ಪ್ರಖರ ದೀಪ, ಅದೂ ಸಾಲದಾದರೆ ರಕ್ತ ಬದಲಾವಣೆ. ಅಂಗಡಿಯ ನೀಲಿ ಬಲ್ಬು, ಮದುವೆ ಮಂಟಪದ ನೀಲಿ ಸರಪಟಾಕಿ ದೀಪ ತಂದು ತೊಟ್ಟಿಲ ಮೇಲೆ ಕಟ್ಟುವ ಬುದ್ಧಿವಂತಿಕೆ ದಯವಿಟ್ಟು ಬೇಡ. ಅವುಗಳಿಗೆ ಬೇಕಾದ ಗಾಢತೆ ಇರುವುದಿಲ್ಲ, ಮನೆಯವರಿಗೆ ಚಿಕಿತ್ಸೆ ನಡೆಯುತ್ತಿದೆ ಎಂಬ ಸುಳ್ಳು ಧೈರ್ಯ ಮಾತ್ರ ಬರುತ್ತದೆ.

ನಮ್ಮ ಕಡೆಯೂ ಕೆಲಸ ನಡೆದೇ ಇಲ್ಲ ಎನ್ನುವಂತಿಲ್ಲ. ಡಿ-ರೆವ್ ಎಂಬ ಸಂಸ್ಥೆ ವಿನ್ಯಾಸ ಮಾಡಿದ ಬ್ರಿಲಿಯನ್ಸ್ ಎಂಬ ಎಲ್‌ಇಡಿ ಕಾಮಾಲೆ ದೀಪವನ್ನು 2012ರಿಂದ ಚೆನ್ನೈಯ ಫೀನಿಕ್ಸ್ ಕಂಪನಿ ತಯಾರಿಸಿತು. ಬೆಂಗಳೂರಿನ ಬೆಂಪು ಕಂಪನಿಯದು ಕೂಸಿನ ಮುಂಗೈಗೆ ಕಟ್ಟುವ ಬಳೆ. ಮೈ ಬೆಚ್ಚಗಿದ್ದರೆ ನೀಲಿ ಮಿನುಗುತ್ತದೆ, ತಣ್ಣಗಾದರೆ ಕಿತ್ತಳೆ ಬಣ್ಣಕ್ಕೆ ತಿರುಗಿ ಸದ್ದು ಮಾಡಿ ತಾಯಿಯನ್ನು ಎಬ್ಬಿಸುತ್ತದೆ. ಬೆಂಗಳೂರಿನಲ್ಲೇ ನೆಲೆ ಮಾಡಿಕೊಂಡ ಎಂಬ್ರೇಸ್‌ನವರದು ಮೇಣದಂಥ ವಸ್ತುವಿನ ಚೀಲವಿಟ್ಟು, ಕರೆಂಟು ಹೋದರೂ ಗಂಟೆಗಟ್ಟಲೆ 37 ಡಿಗ್ರಿ ಬಿಸಿ ಉಳಿಸುವ ಹೊದಿಕೆ. ಕೂಸಿಗೆ ತೊಡಿಸುವ ಉಪಕರಣ ಕರ್ನಾಟಕಕ್ಕೆ ಹೊಸತಲ್ಲ ಎಂದಾಯಿತು. ಬೆಳಕಿನ ಬಟ್ಟೆ ನಮ್ಮಂಥ ಊರಿಗೆ ಬಂದರೆ ಅದರ ಬೆಲೆ ದೊಡ್ಡದು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್, ಕರೆಂಟು ಮೂರು ದಿನ ಇಲ್ಲ ಎನ್ನುವುದು ಇಲ್ಲಿ ಸುದ್ದಿಯೇ ಅಲ್ಲ. ದೊಡ್ಡ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ 2022ರಲ್ಲಿ ದೊಡ್ಡ ದನಿ ಎತ್ತಿದ್ದು ನೆನಪಿದೆಯಲ್ಲ, ಇಂದಿಗೂ ಕಷ್ಟ ಬಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರಿನ ದಾರಿಯೇ. ಆ ದಾರಿಯುದ್ದಕ್ಕೂ ಬ್ಯಾಟರಿಯ ಬಟ್ಟೆಯೊಂದು ಮಗುವಿಗೆ ಸುತ್ತಿದ್ದರೆ, ಚಿಕಿತ್ಸೆ ಆಂಬುಲೆನ್ಸಿನಲ್ಲೇ ಶುರುವಾದೀತು.

ಬಟ್ಟೆಯ ಮಾತು ಬಂದದ್ದರಿಂದ ಇನ್ನೊಂದು ಬಟ್ಟೆಯ ವಿಷಯ, ಇದು ಈಗಲೇ ನಮ್ಮ ಕೈಯಲ್ಲಿರುವುದು. ಹುಟ್ಟುವ ಮಗುವಿಗೆಂದು ಅಜ್ಜಿ ಹಳೆಯ ಮೆತ್ತನೆ ಸೀರೆ, ದುಪಟ್ಟಾ ಟ್ರಂಕಿನಲ್ಲಿ ತೆಗೆದಿಟ್ಟಿರುತ್ತಾರೆ. ಹುಳ ಹಿಡಿಯದಿರಲಿ ಎಂದು ಜೊತೆಗೆ ಡಾಂಬರು ಗುಳಿಗೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳು ಕೆಲವರಿರುತ್ತಾರೆ, ಹೆಚ್ಚಾಗಿ ಗಂಡುಮಕ್ಕಳು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಂಥ ಮಗುವಿಗೆ ಆ ಗುಳಿಗೆಯ ನಾಫ್ತಲೀನ್ ವಾಸನೆ ಹಿಡಿದ ಬಟ್ಟೆ ಸುತ್ತಿದರೆ ಕೆಂಪು ಕಣಗಳು ಒಮ್ಮೆಲೇ ಒಡೆದು ಕಾಮಾಲೆ ಗಂಟೆಗಳಲ್ಲಿ ಏರುತ್ತದೆ. ಮೆಹಂದಿಯೂ ಹಾಗೇ. ಛಟ್ಟಿಗೆ, ಅಕೀಕಾಕ್ಕೆ ಕೂಸಿನ ಅಂಗೈ ಅಂಗಾಲಿಗೆ ಮೆಹಂದಿ ಹಚ್ಚುವ ಮನೆಗಳಿವೆ. ದೊಡ್ಡವರು ಹಚ್ಚಿಕೊಳ್ಳಲಿ, ಕೂಸಿಗೆ ಬೇಡ. ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ದರೆ, ಅಥವಾ ಮೊದಲ ಮಗುವಿಗೆ ಕಾಮಾಲೆಗೆ ದೀಪ ಹಾಕಿಸಿದ್ದರೆ ಹೆರಿಗೆಗೆ ಹೋದಾಗಲೇ ಅದನ್ನು ಹೇಳಬೇಕು. ಇನ್ನು ಮುಂಗೈಗೆ ಬರೆ ಹಾಕಿಸುವುದು. ಎಳೆಗೂಸಿನ ಮೈ ಸುಡಲು ನಮಗೆ ಯಾರು ಹಕ್ಕು ಕೊಟ್ಟರು?

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಹಾಗೂ 42ನೆಯ ದಿನ ಬರಬೇಕೆಂಬ ನಿಯಮ ಇದೆ. ಬಂದಾಗ "ಬಾಣಂತಿ ಮಲಗಿದ್ದಾಳೆ" ಎಂದು ಹೊಸ್ತಿಲಿನಿಂದಲೇ ಕಳಿಸಬೇಡಿ, ಮಗುವಿನ ಬಟ್ಟೆ ಬಿಚ್ಚಿ ಹಗಲು ಬೆಳಕಿನಲ್ಲಿ ತೋರಿಸಿ. ಕಾಯಿಲೆ ಬಿದ್ದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಪರೀಕ್ಷೆ, ಸಾಗಾಟ ಉಚಿತ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಅದು ಇದೆ. ದುಡ್ಡಿಲ್ಲ ಎಂದು ನಾಳೆಗೆ ಹಾಕುವವರಿಗೆ ಇದನ್ನು ತಿಳಿಸಿ.

ನಮ್ಮ ಮಸೀದಿಯ ಬೋರ್ಡಿನಲ್ಲಿ ನಮಾಝಿನ ವೇಳೆಯ ಕೆಳಗೆ ಈಗ 108 ಹಾಗೂ ಊರಿನ ಆಶಾ ಕಾರ್ಯಕರ್ತೆಯ ನಂಬರು ಬರೆಸಿದ್ದೇವೆ. ನೀರು ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ಓದಿ ಊದಿ ಕೊಡುತ್ತೇವೆ. ಕೊಡುವ ಮೊದಲು ಮೂರು ಪ್ರಶ್ನೆ ಕೇಳುತ್ತೇವೆ: ಹುಟ್ಟಿ ಎಷ್ಟು ದಿನವಾಯಿತು, ಹಾಲಿಗೆ ಏಳುತ್ತದೆಯೇ, ಅಂಗಾಲು ಯಾವ ಬಣ್ಣ ಇದೆ? ಉತ್ತರ ಸರಿ ಬರದಿದ್ದರೆ ಬಾಟಲಿ ನಮ್ಮ ಬಳಿಯೇ ಇಟ್ಟುಕೊಂಡು ಮೊದಲು ಜೀಪಿಗೆ ಫೋನು ಮಾಡುತ್ತೇವೆ.